ಅಕ್ಕೋರಿಗೊಂದು ಜೋರು ಫೋನು

ಹೊಳಲು
6 ಮಾರ್ಚ್ 2025

ಚಿರಂಜೀವಿ ದುರುಗೇಶನಿಗೆ, ಗುಡೇಕೋಟೆ ಶಾಲೆಯ ನಿನ್ನ ಗಂಗಾಂಬಿಕಾ ಅಕ್ಕೋರು ಮಾಡುವ ಆಶೀರ್ವಾದಗಳು.

ಇಷ್ಟು ವರ್ಷದ ಮೇಲೆ ಈ ಮುದುಕಿಗೆ ನನ್ನ ನೆನಪು ಹೇಗಾಯಿತು ಎಂದು ಆಶ್ಚರ್ಯಪಡಬೇಡ. ನಿಮ್ಮೂರಿನ ದ್ಯಾಮಕ್ಕ ಹೋದ ವಾರ ಇಲ್ಲಿ ಒಂದು ಮದುವೆಗೆ ಬಂದಿದ್ದಳು. ನಿನ್ನ ಅಂಗಡಿಯ ಚೀಟಿ ಕೈಗಿಟ್ಟು ಹೋದಳು. ಕೂಡ್ಲಿಗಿ ಬಸ್ ನಿಲ್ದಾಣದ ಎದುರು ಮೊಬೈಲ್ ಅಂಗಡಿ, ಮಾಲೀಕರು ದುರುಗೇಶ್. ಮೂರನೇ ತರಗತಿಯಲ್ಲಿ ಕಿಟಕಿ ಪಕ್ಕ ಕೂತು ನಿಮ್ಮಪ್ಪನ ಕುರಿ ಎಣಿಸುತ್ತಿದ್ದ ಹುಡುಗ ಮಾಲೀಕರಾದದ್ದನ್ನು ಅಚ್ಚಿನಲ್ಲಿ ಓದಿ ನನಗೆ ಎಷ್ಟು ಹಿಗ್ಗಾಯಿತು ಅಂದರೆ ಆ ಚೀಟಿಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನನ್ನ ಫೋನು ಹನ್ನೊಂದು ವರ್ಷದ ಗುಂಡಿ ಫೋನು. ಐದರ ಗುಂಡಿ ಉದುರಿದೆ, ಬೆಂಕಿಕಡ್ಡಿಯಿಂದ ಒತ್ತುತ್ತೇನೆ. ಬ್ಯಾಟರಿ ಬೀಳದಂತೆ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಅದೆಲ್ಲ ಹೇಗೋ ನಡೆಯುತ್ತಿತ್ತು. ಈಗ ಒಂದೂವರೆ ವರ್ಷದಿಂದ ಅದರ ದನಿಯೇ ಹೋಗಿದೆ. ಮಗಳು ಗೀತಾಂಜಲಿ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ.

ಅವಳು ಹರಪನಹಳ್ಳಿಯಲ್ಲಿ ನರ್ಸು. ಜೂನ್‌ನಲ್ಲಿ ಮೂರು ತಿಂಗಳ ತರಬೇತಿಗೆ ಧಾರವಾಡಕ್ಕೆ ಹೋಗುತ್ತಾಳೆ. ಅಳಿಯ ಅಮರೇಶ್ ಲಾರಿ ಹತ್ತಿದರೆ ವಾರಗಟ್ಟಲೆ ಮನೆ ಕಾಣುವುದಿಲ್ಲ. ಹಾಗಾಗಿ ಮೊಮ್ಮಗಳು ಶಾಂಭವಿ ಆ ಮೂರು ತಿಂಗಳು ನನ್ನ ಹತ್ತಿರ ಇರುತ್ತಾಳೆ. ಐದು ವರ್ಷದ ಕೂಸು. ಅವಳನ್ನು ನಾನೇ ನೋಡಿಕೊಳ್ಳಬೇಕು ಎಂದು ನಾನು ಎಷ್ಟು ದಿನದಿಂದ ಕಾದಿದ್ದೇನೆ ಅದು ನನಗೇ ಗೊತ್ತು. ಅವಳು ಬರುವುದರೊಳಗೆ ನನಗೊಂದು ಒಳ್ಳೆಯ ಫೋನು ಬೇಕು. ದನಿ ಜೋರಾಗಿರಬೇಕು. ಬೇರೆ ಯಾವ ಬಿನ್ನಾಣವೂ ಬೇಡ.

ಫೋನಿನಲ್ಲಿ ಮಾತಾಡುವುದಕ್ಕಿಂತ ಬರೆಯುವುದು ನಿನಗೆ ಸಲೀಸು ಎಂಬುದು ನನಗೆ ನೆನಪಿದೆ. ಅದಕ್ಕೇ ಪತ್ರ ಬರೆದೆ. ನೀನೂ ಪತ್ರದಲ್ಲೇ ಉತ್ತರಿಸು.

ನಿನ್ನ
ಗಂಗಾಂಬಿಕಾ


ಕೂಡ್ಲಿಗಿ
13 ಮಾರ್ಚ್ 2025

ಪೂಜ್ಯ ಅಕ್ಕೋರಿಗೆ ದುರುಗೇಶ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರವನ್ನು ಗಿರಾಕಿಗಳನ್ನು ನಿಲ್ಲಿಸಿ ಓದಿದೆ. ಕಡೆಯ ಸಾಲು ಓದುವಾಗ ಕಣ್ಣು ತುಂಬಿ ಬಂತು. ನನಗೆ ಮಾತು ತಡೆಯುವುದು ಈಗಲೂ ಹೋಗಿಲ್ಲ ಅಕ್ಕೋರೆ. ಅಂಗಡಿಯಲ್ಲಿ ಎದುರಿಗೆ ನಿಂತವರ ಜೊತೆ ಹೇಗೋ ಸುಧಾರಿಸುತ್ತೇನೆ, ಫೋನು ಎತ್ತಿದರೆ ‘ಹಲೋ’ದ ‘ಹ’ ಹತ್ತು ಸಲ ಬರುತ್ತದೆ. ಅಷ್ಟರಲ್ಲಿ ಆ ಕಡೆಯವರು ಇಟ್ಟುಬಿಡುತ್ತಾರೆ. ಫೋನು ಮಾರುವವನು ಫೋನಿನಲ್ಲಿ ಮಾತಾಡುವುದಿಲ್ಲ ಎಂದು ನನ್ನ ಹೆಂಡತಿ ಮಂಜಮ್ಮ ಎಲ್ಲರೆದುರು ನಗುತ್ತಾಳೆ. ಇಪ್ಪತ್ತಾರು ವರ್ಷದ ಮೇಲೂ ಅದನ್ನು ನೆನಪಿಟ್ಟು, ನನಗೆ ಕಷ್ಟವಾಗಬಾರದು ಅಂತ ಪತ್ರ ಬರೆದಿದ್ದೀರಿ. ಇದನ್ನು ನಾನು ಮರೆಯುವುದಿಲ್ಲ.

ಫೋನಿನ ಬಗ್ಗೆ ಹೇಳುತ್ತೇನೆ. ನಮ್ಮ ಕಡೆ ಒಬ್ಬೊಬ್ಬರು ಒಂದೊಂದು ಕೇಳುತ್ತಾರೆ. ಕುರಿ ಕಾಯುವವರಿಗೆ ನಾಲ್ಕು ದಿನ ಬರುವ ಬ್ಯಾಟರಿ ಬೇಕು. ಲಾರಿಯವರಿಗೆ ಜೋರು ಸ್ಪೀಕರ್ ಬೇಕು. ಕಾಲೇಜಿನವರಿಗೆ ಕ್ಯಾಮೆರಾ. ಹದಿಮೂರು ವರ್ಷದಿಂದ ಇದೇ ಕೆಲಸ, ಆದರೂ ಹೊಸ ಫೋನಿನ ಪರದೆ ಮೊದಲ ಸಲ ಬೆಳಗುವಾಗ ನಾನು ಇವತ್ತಿಗೂ ಕೆಲಸ ಬಿಟ್ಟು ನೋಡುತ್ತೇನೆ. ಅಂಗೈಯಷ್ಟು ಗಾಜಿನೊಳಗೆ ಇಷ್ಟೆಲ್ಲ ಹೇಗೆ ಕೂತಿದೆ ಎಂದು ಈಗಲೂ ನನಗೆ ಪೂರ್ತಿ ತಿಳಿದಿಲ್ಲ.

ಕರಿ ಬಣ್ಣದ್ದೊಂದು ಕಳಿಸಿದ್ದೇನೆ. ಲಾರಿಯವರು ಒಯ್ಯುವುದೇ ಇದನ್ನು. ಹದಿನೈದು ದಿನ ಬಳಸಿ ನೋಡಿ. ಒಗ್ಗದಿದ್ದರೆ ವಾಪಸ್ ಕಳಿಸಿ, ಇನ್ನೊಂದು ಕೊಡುತ್ತೇನೆ. ದುಡ್ಡಿನ ಮಾತು ಆಮೇಲೆ.

ನಿಮ್ಮ ಶಿಷ್ಯ
ದುರುಗೇಶ


ಹೊಳಲು
29 ಮಾರ್ಚ್ 2025

ಚಿ. ದುರುಗೇಶನಿಗೆ ಆಶೀರ್ವಾದಗಳು.

ನೀನು ನನಗೆ ಕಳಿಸಿದ್ದು ಫೋನೋ ಮಾಯದ ಪೆಟ್ಟಿಗೆಯೋ. ಎರಡು ವಾರದಿಂದ ಮನೆಗೆಲಸ ಹಾಗೇ ಬಿದ್ದಿದೆ.

ನಾವು ಲಿಂಗದ ಮಂದಿ, ಆದರೂ ಇಲ್ಲಿನ ಅನಂತಶಯನನ ಗುಡಿಗೆ ವಾರಕ್ಕೊಮ್ಮೆ ಹೋಗಿ ಕೂಡುವುದು ನನ್ನ ರೂಢಿ. ಒಳಗೆ ಕತ್ತಲು. ಇಷ್ಟು ವರ್ಷ ನಾನು ನೋಡಿದ್ದು ದೀಪಕ್ಕೆ ಹೊಳೆಯುವ ಒಂದು ಭುಜ, ಒಂದು ಮೊಣಕಾಲು, ಅಷ್ಟೆ. ಮೊನ್ನೆ ಪೂಜಾರಿಗೆ ಸನ್ನೆಯಲ್ಲೇ ಕೇಳಿ ಈ ಫೋನಿನಿಂದ ಒಂದು ಚಿತ್ರ ತೆಗೆದೆ. ಮನೆಗೆ ಬಂದು ಎರಡು ಬೆರಳಿಂದ ಅಗಲ ಮಾಡಿದೆ. ಮಾಡಿದಷ್ಟೂ ಅಗಲವಾಗುತ್ತ ಹೋಯಿತು. ಕಾಲಿನ ಉಗುರು ಕಂಡಿತು. ಉಗುರಿನ ಅಂಚಿನಲ್ಲಿ ಉಳಿಯ ಒಂದು ಗೆರೆ ಕಂಡಿತು. ಯಾರೋ ಒಬ್ಬ ಪುಣ್ಯಾತ್ಮ ಅಷ್ಟು ಶತಮಾನದ ಹಿಂದೆ ಅಲ್ಲಿ ಉಳಿ ಇಟ್ಟು, ಸಾಕು ಎಂದು ಎತ್ತಿದ್ದಾನೆ. ಅವನ ಕೈ ನಿಂತ ಜಾಗವನ್ನು ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನೋಡಿದೆ. ಮೈ ಜುಮ್ಮೆಂದಿತು. ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಆದರೆ ದುರುಗೇಶ, ದನಿ ಸಾಲದು. ಮುಖ್ಯವಾದದ್ದೇ ಇಲ್ಲದಿದ್ದರೆ ಏನು ಮಾಡಲಿ. ಗೀತಾಂಜಲಿ ಮಾತಾಡುತ್ತಾಳೆ, ನಾನು ‘ಹೂಂ’ ‘ಹೂಂ’ ಎನ್ನುತ್ತೇನೆ. ಶಾಂಭವಿ ಏನೇನೋ ಕತೆ ಹೇಳುತ್ತಾಳೆ, ಅದಕ್ಕೂ ‘ಹೂಂ’. ಇದಕ್ಕಿಂತ ಜೋರಾದದ್ದು ಇದ್ದರೆ ಕಳಿಸು.

ನಿನ್ನ ಹೋದ ಪತ್ರ ಬಹಳ ಚೆನ್ನಾಗಿತ್ತು. ಅಕ್ಷರ ಈಗಲೂ ದುಂಡಗಿದೆ.

ಗಂಗಾಂಬಿಕಾ


ಕೂಡ್ಲಿಗಿ
5 ಏಪ್ರಿಲ್ 2025

ಪೂಜ್ಯ ಅಕ್ಕೋರಿಗೆ ನಮಸ್ಕಾರಗಳು.

ಉಳಿಯ ಗೆರೆಯ ವಿಷಯವನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದೆ, ಅಂದರೆ ಮಂಜಮ್ಮನ ಕೈಲಿ ಓದಿಸಿದೆ.

ನೀಲಿ ಫೋನು ಕಳಿಸಿದ್ದೇನೆ. ನನ್ನ ಅಂಗಡಿಯಲ್ಲಿ ಇದಕ್ಕಿಂತ ಜೋರಾದದ್ದಿಲ್ಲ. ಮೇಲೊಂದು ಕೆಳಗೊಂದು, ಎರಡು ಸ್ಪೀಕರ್. ನಿನ್ನೆ ಪರೀಕ್ಷೆ ಮಾಡುವಾಗ ಎದುರಿನ ಚಹಾ ಅಂಗಡಿಯ ಗವಿಸಿದ್ದೇಶ್ ರಸ್ತೆ ದಾಟಿ ಬಂದು, “ಲೇ ದುರುಗ್ಯಾ, ಅದನ್ನ ಬಂದ್ ಮಾಡ್ತಿಯೋ, ಇಲ್ಲಾ ನಾನೇ ಅಂಗಡಿ ಬಂದ್ ಮಾಡ್ಲೋ?” ಎಂದ. ನಿಮಗೆ ಸಾಕಾಗುತ್ತದೆ ಎಂದು ನನಗೆ ಧೈರ್ಯ ಬಂತು.

ದುರುಗೇಶ


ಹೊಳಲು
26 ಏಪ್ರಿಲ್ 2025

ದುರುಗೇಶನಿಗೆ,

ನೀಲಿಯೂ ಮೆತ್ತಗೇ ಇದೆ. ವಾಪಸ್ ಕಳಿಸಿದ್ದೇನೆ. ಹೊರಗೆ ಥಳಕು ಹಾಕಿ ಒಳಗೆ ಸ್ಪೀಕರ್ ಇಡಲು ಮರೆತಿದ್ದಾರೆ ಎಂದು ಕಾಣುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಅಂತ ನೀನು ಅಂದುಕೊಂಡರೂ ಅಂದುಕೋ.

ಶಾಂಭವಿ ಬರಲು ಐದೇ ವಾರ ಉಳಿದಿದೆ. ನಿನ್ನಿಂದ ಆಗದಿದ್ದರೆ ಹೇಳಿಬಿಡು, ಹಡಗಲಿಯಲ್ಲಿ ನೋಡುತ್ತೇನೆ.

ಗಂಗಾಂಬಿಕಾ


ಕೂಡ್ಲಿಗಿ
2 ಮೇ 2025

ಪೂಜ್ಯ ಅಕ್ಕೋರಿಗೆ ದುರುಗೇಶ ಮಾಡುವ ನಮಸ್ಕಾರಗಳು.

ನೀಲಿ ಫೋನು ತಲುಪಿತು. ನೀವು ಹಾಕಿದ್ದ ಬೆಳಗಿನ ಐದು ಗಂಟೆಯ ಅಲಾರಾಂ ಅದರಲ್ಲಿ ಹಾಗೇ ಉಳಿದಿತ್ತು. ಆರಿಸಿದೆ.

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಒಂದು ಹಳೆಯ ದಿನ ನೆನಪಾಗುತ್ತಿದೆ. ನಮ್ಮ ಶಾಲೆಗೆ ಇನ್‌ಸ್ಪೆಕ್ಟರ್ ಬಂದಿದ್ದರು. ಓದು ಎಂದು ಬೆರಳು ತೋರಿಸಿದ್ದು ನನಗೇ. ನಾನು ಎದ್ದು ನಿಂತೆ, ಬಾಯಿ ತೆರೆದೆ, ಏನೂ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಕಿಸಿಕಿಸಿ ಶುರುವಾಯಿತು. ಆಗ ನೀವು, “ಇವನ ಅಕ್ಷರ ಭಾಳ ಚೆಂದ ಅದಾವ್ರಿ ಸಾರ್, ಹಲಗಿ ಮ್ಯಾಲೆ ಬರೀತಾನ, ನೋಡ್ರಿ” ಎಂದು ಸೀಮೆಸುಣ್ಣ ನನ್ನ ಕೈಗೆ ಕೊಟ್ಟಿರಿ. ನಾನು ಪಾಠವಿಡೀ ಬರೆದೆ. ಅವರು ಬೆನ್ನು ತಟ್ಟಿ ಹೋದರು. ಆ ಮೇಲೆ ನೀವು ಆ ಬಗ್ಗೆ ನನ್ನ ಹತ್ತಿರವೂ ಒಂದು ಮಾತು ಆಡಲಿಲ್ಲ.

ಈಗ ಬಿಳಿ ಫೋನು ಕಳಿಸುತ್ತಿದ್ದೇನೆ. ದನಿ ಸಾಧಾರಣ. ಮೊದಲಿನ ಎರಡಕ್ಕಿಂತ ಅಗ್ಗದ್ದು. ಆದರೆ ಪರದೆ ದೊಡ್ಡದು, ಮತ್ತೆ ಇದರಲ್ಲೊಂದು ಅನುಕೂಲ ಹಾಕಿದ್ದೇನೆ. ಎದುರಿಗೆ ಯಾರಾದರೂ ಮಾತಾಡಿದರೆ ಅವರ ಮಾತನ್ನು ಕನ್ನಡದಲ್ಲಿ ಬರೆದು ತೋರಿಸುತ್ತದೆ. ಬಸ್ ನಿಲ್ದಾಣದಂಥ ಗದ್ದಲದ ಜಾಗಕ್ಕೆ ಅಂತ ಮಾಡಿದ್ದಂತೆ. ಹೊಳಲಿನಲ್ಲಿ ಅಷ್ಟು ಗದ್ದಲ ಇಲ್ಲ, ಗೊತ್ತು. ಆದರೂ ಇರಲಿ. ಸಿಮ್ಮು, ನೆಟ್ಟು ಎಲ್ಲ ಹಾಕಿದ್ದೇನೆ. ಪರದೆಯ ನಡುವೆ ಒಂದೇ ಚಿತ್ರ ಇಟ್ಟಿದ್ದೇನೆ, ಅದನ್ನು ಮುಟ್ಟಿದರೆ ಸಾಕು.

ದುರುಗೇಶ


ಹೊಳಲು
10 ಮೇ 2025

ಚಿ. ದುರುಗೇಶನಿಗೆ ಅನೇಕ ಆಶೀರ್ವಾದಗಳು.

ಗದ್ದಲದ ಜಾಗಕ್ಕೆ ಮಾಡಿದ್ದಂತೆ. ಮೂರನೇ ತರಗತಿಯಲ್ಲೂ ನಿನಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಅಲಾರಾಂ ಆರಿಸಿದೆ ಎಂದು ಓದಿದಾಗಲೇ ನಿನಗೆ ಗೊತ್ತಾಗಿದೆ ಎಂದು ತಿಳಿಯಿತು. ಪ್ರತಿ ಬೆಳಿಗ್ಗೆ ಅದು ಹೊಡೆದು ಹೊಡೆದು ಸುಮ್ಮನಾಗಿ, ‘ಅಲಾರಾಂ ತಪ್ಪಿಹೋಗಿದೆ’ ಎಂದು ಒಂದು ಸಾಲು ಬರೆದಿಡುತ್ತಿತ್ತು. ನಾನು ಎದ್ದು ಅದನ್ನು ಓದುತ್ತಿದ್ದೆ. ಅಳಿಸುವುದು ಹೇಗೆಂದು ತಿಳಿಯಲಿಲ್ಲ. ನಿನಗೆ ಎಷ್ಟು ಸಾಲು ಸಿಕ್ಕವೋ.

ಫೋನುಗಳ ತಪ್ಪೇನೂ ಇಲ್ಲ ದುರುಗೇಶ. ನನ್ನ ಬಲಗಿವಿ ಪೂರ್ತಿ ಹೋಗಿದೆ. ಎಡದ್ದು ಕಾಲು ಭಾಗ ಉಳಿದಿದೆ. ದಾವಣಗೆರೆಯ ಡಾಕ್ಟರು ಮಿಷನ್ನು ಕೊಟ್ಟು, ಇದರಿಂದ ಸದ್ದು ತಿಳಿಯುತ್ತದೆ, ಮಾತು ಎಷ್ಟು ತಿಳಿದೀತೋ ಹೇಳಲಾರೆ ಎಂದರು. ಅದು ಟ್ರಂಕಿನಲ್ಲಿ ಸೀರೆಗಳ ಕೆಳಗಿದೆ. ಮೂವತ್ತಾರು ವರ್ಷ ಮಕ್ಕಳಿಗೆ ಕಿವಿಗೊಟ್ಟು ಕೇಳ್ರಿ ಎಂದವಳು ನಾನು. ಈಗ ಕಿವಿಗೆ ಮಿಷನ್ನು ಸಿಕ್ಕಿಸಿಕೊಂಡು ಬೀದಿಯಲ್ಲಿ ಹೇಗೆ ಹೋಗಲಿ ಎಂದು ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿದೆ. ಕಿವುಡಿ ಅಜ್ಜಿಯ ಹತ್ತಿರ ಕೂಸನ್ನು ಯಾವ ತಾಯಿ ಬಿಡುತ್ತಾಳೆ? ಗೀತಾಂಜಲಿಗೆ ತಿಳಿದರೆ ಶಾಂಭವಿ ಬರುವುದಿಲ್ಲ.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ನಿನಗೆ ಸಲೀಸಾಗಲಿ ಎಂದು ಪತ್ರ ಬರೆದೆ ಅಂದಿದ್ದೆ. ಅದು ಸುಳ್ಳು. ಬರೆದದ್ದು ನನ್ನ ಸಲೀಸಿಗೆ. ನಿನ್ನ ತೊದಲನ್ನು ನನ್ನ ಕಿವುಡಿಗೆ ಮರೆ ಮಾಡಿಕೊಂಡೆ. ನೀನು ಕಣ್ಣು ತುಂಬಿ ಬಂತು ಎಂದು ಬರೆದೆಯಲ್ಲ, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಕ್ಷಮಿಸು.

ಈಗ ಬಿಳಿ ಫೋನಿನ ವಿಷಯ ಕೇಳು. ಪಾರ್ಸಲ್ ಕೊಟ್ಟ ಅಂಚೆಯ ಕರಿಸಿದ್ದಪ್ಪ ಬಾಗಿಲಲ್ಲೇ ನಿಂತಿದ್ದ. ಎಂದಿನಂತೆ ಏನೋ ಅಂದ, ಎಂದಿನಂತೆ ನಾನು ‘ಹೂಂ, ಚೆನ್ನಾಗಿದ್ದೀನಪ್ಪ’ ಎಂದೆ. ಅವನು ಹೊರಡದೆ ನಿಂತದ್ದು ನೋಡಿ, ಡಬ್ಬಿ ಒಡೆದು, ನೀನಿಟ್ಟ ಚಿತ್ರ ಮುಟ್ಟಿ ಅವನ ಮುಂದೆ ಹಿಡಿದೆ. ಅವನ ತುಟಿ ಅಲುಗಿತು. ಬಿಳಿ ಪರದೆಯ ಮೇಲೆ ಒಂದೊಂದೇ ಪದ ಕೂಡುತ್ತ ಬಂತು.

“ಅಕ್ಕೋರೆ, ಬಾಯಿ ಒಣಗೈತಿ, ಒಂದೀಟು ನೀರು ಕೊಡ್ತೀರೇನ್ರಿ?”

ಮಾತು ಬರುವುದನ್ನು ಕಣ್ಣಿಂದ ನೋಡಿದೆ ದುರುಗೇಶ. ಎಷ್ಟು ಮಕ್ಕಳಿಗೆ ಅಕ್ಷರ ತಿದ್ದಿಸಿದ್ದೇನೆ. ಅದೇ ಅಕ್ಷರಗಳು ನನ್ನ ಕಷ್ಟಕ್ಕೆ ಹೀಗೆ ಓಡಿ ಬರುತ್ತವೆ ಎಂದು ಎಣಿಸಿರಲಿಲ್ಲ. ಎರಡು ವರ್ಷದಿಂದ ಅವನು ಬಿಸಿಲಲ್ಲಿ ಬಂದು ನೀರು ಕೇಳಿದ್ದಾನೆ, ನಾನು ನಕ್ಕು ಬಾಗಿಲು ಹಾಕಿಕೊಂಡಿದ್ದೇನೆ. ಒಂದು ತಂಬಿಗೆ ನೀರು, ಎರಡು ಉಂಡೆ ಬೆಲ್ಲ ಕೊಟ್ಟು, ನನಗೆ ಕಿವಿ ಸ್ವಲ್ಪ ಮಂದ ಕಣಪ್ಪ, ಯಾರಿಗೂ ಹೇಳಬೇಡ ಎಂದೆ. ಅವನು ನೀರು ಕುಡಿದು ಬಾಯಿ ಒರೆಸಿಕೊಂಡ. ಪರದೆ ಬರೆಯಿತು:

“ಊರಿಗೆಲ್ಲ ಗೊತ್ತೈತ್ರಿ ಅಕ್ಕೋರೆ. ನಿಮಗ ಬ್ಯಾಸರ ಆಕ್ಕೈತಂತ ಯಾರೂ ಅನ್ನಲ್ಲ.”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನನ್ನ ಕತೆ.

ಗಂಗಾಂಬಿಕಾ


ಕೂಡ್ಲಿಗಿ
16 ಮೇ 2025

ಪೂಜ್ಯ ಅಕ್ಕೋರಿಗೆ ನಮಸ್ಕಾರಗಳು.

ಹದಿನಾಲ್ಕು ಸಾಲು ಇದ್ದವು. ಅದನ್ನು ನೋಡಿ ಅವತ್ತು ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಹೋದೆ. ನೀವು ಕ್ಷಮೆ ಕೇಳಬೇಡಿ. ಯಾರ ಸಲೀಸಿಗೆ ಬರೆದರೇನು, ನಿಮ್ಮ ಪತ್ರಗಳು ನನಗೆ ಬಂದವು.

ತಪ್ಪು ನನ್ನದೂ ಇದೆ. ನೀವು ಜೋರು ಅಂದಿರಿ, ನಾನು ಜೋರನ್ನೇ ಹುಡುಕಿದೆ. ಬರೆದು ತೋರಿಸುವ ಅನುಕೂಲವನ್ನು ಮೊದಲನೇ ಕರಿ ಫೋನಿನಲ್ಲೂ ಹಾಕಬಹುದಿತ್ತು. ಯಾಕೆ ಬೇಕು ಎಂದು ಒಂದು ಮಾತು ನಾನು ಕೇಳಲಿಲ್ಲ.

ಈಗ ನಾನು ಹೇಳುವುದು ನಿಮಗೆ ಹಿಡಿಸಲಿಕ್ಕಿಲ್ಲ. ಗೀತಾಂಜಲಿ ಅಕ್ಕನಿಗೆ ನೀವೇ ಹೇಳಬೇಕು. ಕೂಸು ಹಿತ್ತಲಲ್ಲಿ ಬಿದ್ದು ಅತ್ತರೆ ಫೋನು ಒಳಗೆ ಮೇಜಿನ ಮೇಲೆ ಇರುತ್ತದೆ. ಆಗ ಅದು ಏನೂ ಬರೆಯುವುದಿಲ್ಲ. ಮಿಷನ್ನು ಟ್ರಂಕಿನಿಂದ ಹೊರಗೆ ಬರಬೇಕು. ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ ನಾನು.

ಇಪ್ಪತ್ತೈದರ ಭಾನುವಾರ ನಾನೇ ಹೊಳಲಿಗೆ ಬರುತ್ತೇನೆ. ಫೋನು ಸರಿಯಾಗಿ ಬರೆಯುತ್ತದೋ ಇಲ್ಲವೋ ಎಂದು ಯಾರಾದರೂ ಎದುರು ಕೂತು ಬಹಳ ಹೊತ್ತು ಮಾತಾಡಿ ನೋಡಬೇಕು. ನಾನು ಮಾತಾಡುತ್ತೇನೆ.

ದುರುಗೇಶ


ಹೊಳಲು
8 ಜೂನ್ 2025

ಚಿ. ದುರುಗೇಶನಿಗೆ, ಮಂಜಮ್ಮನಿಗೆ ಆಶೀರ್ವಾದಗಳು.

ಆ ಭಾನುವಾರ ನೀನು ಮೂರು ಗಂಟೆಯ ಬಸ್ಸು ಹತ್ತಿದ ಮೇಲೆ ಒಳಗೆ ಬಂದು ಫೋನು ನೋಡಿದೆ. ನೀನು ಆಡಿದ್ದೆಲ್ಲ ಅದರಲ್ಲಿ ಉಳಿದಿತ್ತು. ಮೇಲಿನಿಂದ ಮತ್ತೆ ಓದಿದೆ. ನಿಮ್ಮಪ್ಪ ತೀರಿಹೋದದ್ದು, ಮೊದಲ ಅಂಗಡಿ ಮಳೆಯಲ್ಲಿ ನೆನೆದದ್ದು, ಮಂಜಮ್ಮ ನಿನ್ನನ್ನು ಒಪ್ಪಿದ್ದು. ನೀನು ಇಷ್ಟು ಮಾತಾಡಬಲ್ಲೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವತ್ತು ನಡುನಡುವೆ ಪರದೆ ನಿಂತುಬಿಡುತ್ತಿತ್ತು. ನಾನು ಕಾದೆ. ಶಾಲೆಯಲ್ಲೂ ಕಾಯುತ್ತಿದ್ದೆ, ಆ ಅಭ್ಯಾಸ ಹೋಗಿಲ್ಲ. ಆಮೇಲೆ ಪೂರ್ತಿ ಸಾಲು ಒಂದೇ ಸಲ ಬರುತ್ತಿತ್ತು. ಈಗ ಓದಿದರೆ ನೀನು ಎಲ್ಲೆಲ್ಲಿ ತಡೆದೆ ಎಂಬುದೇ ಕಾಣುವುದಿಲ್ಲ. ನಾನು ಅದನ್ನು ಅಳಿಸಿಲ್ಲ, ಅಳಿಸುವುದೂ ಇಲ್ಲ.

ಅವತ್ತೇ ಸಂಜೆ ಗೀತಾಂಜಲಿ ಬಂದಳು. ನಾನು ಟ್ರಂಕಿನಿಂದ ಮಿಷನ್ನು ತೆಗೆದು ಕಿವಿಗೆ ಹಾಕಿಕೊಂಡೇ ಬಾಗಿಲು ತೆಗೆದೆ. ಅವಳನ್ನು ಕೂರಿಸಿ, ಫೋನನ್ನು ನಮ್ಮಿಬ್ಬರ ನಡುವೆ ಇಟ್ಟು, ನನಗೆ ಕಿವಿ ಕೇಳುವುದಿಲ್ಲ ಗೀತಾ ಎಂದೆ. ಪರದೆ ಬರೆಯಿತು:

“ಗೊತ್ತೈತವ್ವ. ದೀಪಾವಳಿಗೇ ಗೊತ್ತಾತು. ನೀನಾಗೇ ಹೇಳ್ತಿಯೇನೋ ಅಂತ ಕಾದೆ.”

ಅದರ ಕೆಳಗೆ ಇನ್ನೊಂದು ಸಾಲು.

“ಇವತ್ತೂ ಹೇಳ್ದಿದ್ರೆ ಕೂಸಿನ್ನ ಬಿಡ್ತಿರ್ಲಿಲ್ಲ. ಬ್ಯಾರೆ ಕಡೆ ಮಾತಾಡಿಟ್ಟಿದ್ದೆ.”

ನೀನು ಆ ಪತ್ರ ಬರೆಯದಿದ್ದರೆ ನಾನು ಹೇಳುತ್ತಿರಲಿಲ್ಲ. ಅಷ್ಟು ಮಾತ್ರ ನಿನಗೆ ತಿಳಿಸಬೇಕು ಎಂದು ಈ ಪತ್ರ.

ಅವಳ ಷರತ್ತುಗಳು ಹಲವು. ಎಚ್ಚರ ಇರುವಷ್ಟು ಹೊತ್ತೂ ಮಿಷನ್ನು ಕಿವಿಯಲ್ಲೇ ಇರಬೇಕು. ಪಕ್ಕದ ಮನೆಯ ಅನ್ನದಾನಮ್ಮ ರಾತ್ರಿ ಇಲ್ಲೇ ಮಲಗಬೇಕು. ಬೀದಿಗಿಳಿದರೆ ಕೂಸು ಕೈ ಬಿಡಬಾರದು, ಹಿತ್ತಲಿಗೆ ಒಬ್ಬಳೇ ಹೋಗಬಾರದು. ಎಲ್ಲಕ್ಕೂ ಹೂಂ ಎಂದೆ. ಈ ಸಲ ಓದಿಕೊಂಡು ಹೂಂ ಎಂದೆ.

ಶಾಂಭವಿ ಬಂದು ಇವತ್ತಿಗೆ ಎಂಟು ದಿನ. ಅವಳಿಗೆ ಓದಲು ಬರುವುದಿಲ್ಲವಷ್ಟೆ. ಫೋನಿನ ಮುಂದೆ ಮಾತಾಡಿ, ಅಕ್ಷರ ಮೂಡಿದ್ದನ್ನು ನೋಡಿ, “ಅಜ್ಜಿ, ಇದ್ರಾಗ ನಾನು ಎಲ್ಲಿ ಅದೀನಿ?” ಎಂದು ಕೇಳಿದಳು. ಬೆರಳಿಟ್ಟು ತೋರಿಸಿದೆ. ಈಗ ದಿನವೂ ತಾನಾಡಿದ ಮಾತಿನಲ್ಲೇ ಅಕ್ಷರ ಹುಡುಕಿ ಕಲಿಯುತ್ತಿದ್ದಾಳೆ. ನಿನ್ನೆ ‘ಮ’ ಸಿಕ್ಕಿತು. ಫೋನು ಕೆಲವು ಸಲ ಅವಳ ಮಾತನ್ನು ತಪ್ಪು ಬರೆಯುತ್ತದೆ, ಆಗ ಅವಳು ಅದಕ್ಕೆ ಬೈಯುತ್ತಾಳೆ, ಬೈದದ್ದನ್ನೂ ಅದು ಬರೆಯುತ್ತದೆ. ಇವಳ ತಲೆಯೊಳಗೆ ಇಷ್ಟು ಕತೆ ಇದ್ದವು, ವರ್ಷದಿಂದ ನನಗೆ ಹೇಳುತ್ತಲೂ ಇದ್ದಳು. ಈಗ ಅವಳು ಮಾತಾಡುವಾಗ ಪರದೆಯನ್ನು ನೋಡಲೋ ಆ ಮುಖವನ್ನು ನೋಡಲೋ ಎಂದು ತಿಳಿಯದೆ ಎರಡನ್ನೂ ನೋಡುತ್ತೇನೆ.

ಬಿಳಿ ಫೋನನ್ನೇ ಇಟ್ಟುಕೊಂಡೆ. ಕರಿಯದನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಅದರಲ್ಲಿರುವ ಅನಂತಶಯನನ ಉಗುರಿನ ಚಿತ್ರ ಮಾತ್ರ ಮಂಜಮ್ಮನಿಗೆ ತೋರಿಸು.

ಐದು ಗಂಟೆಯ ಅಲಾರಾಂ ಮತ್ತೆ ಇಟ್ಟಿದ್ದೇನೆ, ರೂಢಿ. ಇವತ್ತು ಬೆಳಿಗ್ಗೆ ಯಾರೋ ನನ್ನ ಭುಜ ಅಲುಗಿಸಿದರು. ಕಣ್ಣು ಬಿಟ್ಟರೆ ಶಾಂಭವಿ, ಕೆದರಿದ ತಲೆ, ಎರಡೂ ಕೈಯಲ್ಲಿ ಫೋನು ಹಿಡಿದು ನನ್ನ ಮೂಗಿನ ಹತ್ತಿರ ತಂದಿದ್ದಾಳೆ. ದಿಂಬಿನ ಕೆಳಗಿನ ಕನ್ನಡಕ ತೆಗೆದು ಹಾಕಿಕೊಂಡೆ. ಪರದೆಯ ಮೇಲೆ ಬರೆದಿತ್ತು: “ಅಜ್ಜಿ, ಫೋನು ಕೂಗಾಕತ್ತೈತಿ, ಏಳು.”

ಓದಿಕೊಂಡು ಎದ್ದೆ.

ಗಂಗಾಂಬಿಕಾ